ಬುಲೆಟ್ಟಿಗೊಂದು ಮುಳ್ಳು

ತಮಾ, ನೀನು ಹಳೇ ಬುಲೆಟ್ ಕೊಂಡಿದ್ದು ಕೇಳಿ ನನಗೆ ಖುಷಿಯಾಗಿದೆ. ಅದಕ್ಕೆ ಆಯಿಲ್ ಪ್ರೆಶರ್ ಗೇಜ್ ಹಾಕಿಸಲೋ ಬೇಡವೋ, ಮಾವನನ್ನು ಕೇಳು ಎಂದು ನಿನ್ನ ಆಯಿಯ ಹತ್ತಿರ ಹೇಳಿ ಕಳಿಸಿದ್ದೀಯಂತೆ. ಕಾರವಾರದ ಬೈತಖೋಲದಲ್ಲಿ ಮೂವತ್ತು ವರ್ಷ ಟ್ರಾಲರ್ ಎಂಜಿನ್ ಬಿಚ್ಚಿ ಕಟ್ಟಿದವನು ಗೇಜ್ ಬೇಡ ಅನ್ನಲಾರ ಎಂದು ನೀನು ಎಣಿಸಿರಬೇಕು. ಬೋಟಿಗಾದರೆ ಬೇಕೇ ಬೇಕು. ನಿನ್ನ ಗಾಡಿಗೆ ಸದ್ಯಕ್ಕೆ ಬೇಡ. ಮಾವ ಅಂದ ಎಂದು ಒಪ್ಪಬೇಡ, ಕಾರಣ ತಿಳಿದು ಒಪ್ಪು.

ಬೋಟಿನ ಲೇಲ್ಯಾಂಡ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ತಿರುಗುವುದು ಶೆಲ್ ಬೇರಿಂಗಿನ ಮೇಲೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಪಂಪು ಆ ಸಂದಿಗೆ ಆಯಿಲ್ ನೂಕುತ್ತದೆ, ಸಂದು ತಡೆಯುತ್ತದೆ. ಆ ತಡೆಯೇ ಗೇಜಿನಲ್ಲಿ ಪ್ರೆಶರ್ ಆಗಿ ಕಾಣುವುದು. ಶೆಲ್ ಸವೆದರೆ ಸಂದು ಹಿಗ್ಗುತ್ತದೆ, ಮುಳ್ಳು ಇಳಿಯುತ್ತದೆ. ಹಾಗಾಗಿ ಅಲ್ಲಿ ಮುಳ್ಳು ಎಂಜಿನ್ನಿನ ನಾಡಿಯನ್ನೇ ತೋರಿಸುತ್ತದೆ. ದಡ ಕಾಣದಷ್ಟು ದೂರದಲ್ಲಿ ಅದು ಸೊನ್ನೆಗೆ ಬಿದ್ದರೆ, ಬಲೆ ನೀರಿನಲ್ಲಿದ್ದರೂ ಬೋಟು ನಡೆಸುವ ತಾಂಡೇಲ ಎಂಜಿನ್ ನಿಲ್ಲಿಸಿಯೇ ಸೈ.

ನಿನ್ನದು ಕಾಸ್ಟ್ ಐರನ್ ಬುಲೆಟ್. 1955ರಿಂದ ಮದ್ರಾಸಿನಲ್ಲಿ ಕಟ್ಟುತ್ತ ಬಂದ ಕುಲದ್ದು. ಅದರ ಕ್ರ್ಯಾಂಕ್ ಕೂತಿರುವುದು ಬಾಲ್ ಮತ್ತು ರೋಲರ್ ಬೇರಿಂಗಿನ ಮೇಲೆ. ಅವಕ್ಕೆ ಆಯಿಲ್ ಚಿಮ್ಮಿದರೆ ಸಾಕು, ಒತ್ತಿ ತುಂಬಬೇಕಿಲ್ಲ. ಪ್ರೆಶರಿನಲ್ಲಿ ಹೋಗುವುದು ಮುಖ್ಯವಾಗಿ ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಕೂಡುವ ಬಿಗ್ ಎಂಡಿಗೆ, ಅದೂ ಸಣ್ಣ ಪ್ರೆಶರು. ಗೇಜ್ ಹಾಕಿದೆ ಅನ್ನು: ಬೆಳಗಿನ ಥಂಡಿಯಲ್ಲಿ ದಪ್ಪ ಆಯಿಲ್ ಮುಳ್ಳನ್ನು ಮೇಲಕ್ಕೆತ್ತುತ್ತದೆ, ಅರಬೈಲ್ ಘಾಟಿ ಹತ್ತಿ ಗಾಡಿ ಐಡ್ಲಿಂಗಿಗೆ ಬಂದಾಗ ಅದೇ ಮುಳ್ಳು ಸೊನ್ನೆಯ ಹತ್ತಿರ ಮಲಗುತ್ತದೆ. ಎರಡೂ ಹೊತ್ತಿನಲ್ಲಿ ಎಂಜಿನ್ ಸರಿಯಾಗಿಯೇ ಇರುತ್ತದೆ. ನೀನು ಮಾತ್ರ ಹೆದರಿ ಗಾಡಿ ಬಿಚ್ಚಿಸುತ್ತೀಯ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗೇಜ್ ಕೂತ ಜಾಗದಿಂದ ಮುಂದೆ ಆಯಿಲ್ ದಾರಿಯಲ್ಲಿ ಕಸ ಕಟ್ಟಿಕೊಂಡರೆ ತಡೆ ಹೆಚ್ಚುತ್ತದೆ, ಮುಳ್ಳು ಇನ್ನೂ ಮೇಲೇರುತ್ತದೆ. ನೀನು ಅದನ್ನು ನೋಡಿ ಸಮಾಧಾನದಿಂದ ಹೋಗುತ್ತಿರುತ್ತೀಯ, ಅಲ್ಲಿ ಬಿಗ್ ಎಂಡ್ ಒಣಗಿ ಸುಡುತ್ತಿರುತ್ತದೆ. ಆಯಿಲ್ ಎಷ್ಟು ಒತ್ತಡದಲ್ಲಿದೆ ಅನ್ನುವುದೇ ಬೇರೆ, ತಲುಪಬೇಕಾದಲ್ಲಿಗೆ ತಲುಪಿತೇ ಅನ್ನುವುದೇ ಬೇರೆ. ಬುಲೆಟ್ಟಿನಲ್ಲಿ ನಿನಗೆ ಬೇಕಾದ ಉತ್ತರ ಎರಡನೆಯದು.

ನಿನ್ನ ವಯಸ್ಸಿನಲ್ಲಿ ನಾನೂ ನನ್ನ ಬುಲೆಟ್ಟಿಗೆ ಗೇಜ್ ಹಾಕಿಸಿದ್ದೆ. ಬೋಟಿನಿಂದ ತೆಗೆದ ತಾಮ್ರದ ಸಣ್ಣ ಪೈಪು, ಟೈಮಿಂಗ್ ಕವರಿನಿಂದ ಹ್ಯಾಂಡಲ್ಲಿನವರೆಗೆ ನೆಟ್ಟಗೆ ಎಳೆದಿದ್ದೆ. ತಾಮ್ರ ನಡುಗುತ್ತ ನಡುಗುತ್ತ ಪೆಡಸಾಗುತ್ತದೆ, ಕಡೆಗೆ ನಟ್ಟಿನ ಬುಡದಲ್ಲೇ ಬಿರಿಯುತ್ತದೆ. ಬುಲೆಟ್ಟಿನ ನಡುಕ ಕೇಳಬೇಕೆ? ಹುಬ್ಬಳ್ಳಿಯಿಂದ ಬರುವಾಗ ಅರಬೈಲ್ ಇಳಿಯುವಲ್ಲಿ ಪೈಪು ಸೀಳಿತು. ಕಾಲೆಲ್ಲ ಬಿಸಿ ಆಯಿಲ್, ಹಿಂದಿನ ಟೈರಿಗೂ ಹಾರಿ ತಿರುವಿನಲ್ಲಿ ಗಾಡಿ ಜಾರಿತು. ಮುಳ್ಳು ಸೊನ್ನೆಗೆ ಬಿದ್ದಿದ್ದು ನಿಜ, ಆದರೆ ಆ ಹೊತ್ತಿಗೆ ನನ್ನ ಕಣ್ಣು ಎದುರಿನ ಲಾರಿಯ ಮೇಲಿತ್ತು. ಇರಬೇಕಾದ್ದೂ ಅಲ್ಲೇ. ನಿಮ್ಮ ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಗೆ ಕುಸಿದು ಎಷ್ಟು ಜೀವ ಹೋದವು, ನೀನೇ ನೋಡಿದವನು. ನಮ್ಮ ರಸ್ತೆಯಲ್ಲಿ ಸವಾರನ ಕಣ್ಣಿಗೆ ಬೇರೆ ಕೆಲಸ ಬಹಳವಿದೆ ತಮಾ.

ಹಾಗಾದರೆ ಆಯಿಲ್ ತಲುಪಿದ್ದು ಗೊತ್ತಾಗುವುದು ಹೇಗೆ? ಗಾಡಿ ಮಾಡಿದವರೇ ದಾರಿ ಇಟ್ಟಿದ್ದಾರೆ. ಟೈಮಿಂಗ್ ಕವರಿನಲ್ಲಿ ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಪ್ಲಗ್ ಇದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಅದನ್ನು ತುಸು ಸಡಿಲಿಸು, ಪೂರ್ತಿ ತೆಗೆಯಬೇಡ. ಆಯಿಲ್ ಜಿನುಗಿದರೆ ಬಿಗ್ ಎಂಡಿಗೆ ಹೋಗುವ ಪಂಪು ಕೆಲಸ ಮಾಡುತ್ತಿದೆ. ಆಮೇಲೆ ಎಂಜಿನ್ನಿನ ತಲೆಯಲ್ಲಿ ವಾಲ್ವ್ ಒತ್ತುವ ರಾಕರಿಗೆ ಹೋಗುವ ಸಣ್ಣ ಪೈಪಿನ ಬೋಲ್ಟನ್ನೂ ಹಾಗೆಯೇ ಸಡಿಲಿಸಿ ನೋಡು. ಅಲ್ಲಿಗೆ ಬರುವುದು ತಳದಿಂದ ವಾಪಸಾಗುವ ಆಯಿಲ್. ಫೆಲ್ಟ್ ಫಿಲ್ಟರ್ ಬದಲಿಸಿದ ದಿನವಂತೂ ಈ ಪ್ಲಗ್ ನೋಡದೆ ಗಾಡಿ ರಸ್ತೆಗೆ ಇಳಿಸಲೇಬೇಡ. ಫಿಲ್ಟರಿನ ಗೂಡು ಖಾಲಿ ಇರುತ್ತದೆ, ಅದು ತುಂಬಿ ಮುಂದೆ ಹರಿಯುವ ತನಕ ಬಿಗ್ ಎಂಡಿಗೆ ಹನಿ ಆಯಿಲ್ ಇಲ್ಲ.

ಇನ್ನು ಮಳೆಗಾಲದ ಮಾತು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಜೂನಿನಲ್ಲಿ ಚಪ್ಪರದ ಕೆಳಗೆ ನಿಲ್ಲಿಸಿದ ಗಾಡಿಯನ್ನು ಚೌತಿಗೆ ಹೊರಗೆ ತೆಗೆದಾಗ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ಲೇ ಕಾಣುವುದಿಲ್ಲ. ಸೋರಿ ಹೋಗಿಲ್ಲ, ಆಯಿಲ್ ಟ್ಯಾಂಕಿನಿಂದ ಕ್ರ್ಯಾಂಕ್ ತಳಕ್ಕೆ ಇಳಿದು ಕೂತಿದೆ. ಇದು ತಿಳಿಯದವರು ಮೇಲಿಂದ ಹೊಸತು ಸುರಿಯುತ್ತಾರೆ, ಸ್ಟಾರ್ಟ್ ಮಾಡಿದ ಮೇಲೆ ಬ್ರೀದರ್ ಪೈಪಿನಿಂದ ಕಾರಂಜಿ. ನೀನು ಮೊದಲು ನಾಲ್ಕೈದು ನಿಮಿಷ ಓಡಿಸು, ನಿಲ್ಲಿಸಿ ಸ್ವಲ್ಪ ಕಾದು ಆಮೇಲೆ ಅಳೆ. ಅಂಕೋಲೆ ಪೇಟೆಗೂ ಬೆಳಂಬಾರಕ್ಕೂ ಮಾತ್ರ ಓಡಾಡಿದರೆ ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ತೇವ ಕಟ್ಟುತ್ತದೆ. ಆಯಿಲ್ ಹಾಲು ಬೆರೆಸಿದ ಚಾದ ಬಣ್ಣಕ್ಕೆ ತಿರುಗಿದ್ದು ಕಂಡರೆ ಅವತ್ತೇ ಬದಲಿಸು. 2019ರಲ್ಲಿ ಗಂಗಾವಳಿ ಉಕ್ಕಿದ ಹಾಗೆ ಮತ್ತೆ ಉಕ್ಕಿ ಗಾಡಿ ಮುಳುಗಿದರೆ ಕಿಕ್ ಹೊಡೆಯಲೇಬೇಡ. ಆಯಿಲ್ ಇಳಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ನನಗೆ ಫೋನ್ ಮಾಡು.

ಗೇಜಿನ ಮಾತು ಎಲ್ಲ ಗಾಡಿಗೂ ಒಂದೇ ಅಲ್ಲ. ನಿನ್ನ ಅಜ್ಜನ ಯೆಜ್ಡಿ ಬೈಕ್ ಮೈಸೂರಿನಲ್ಲಿ ತಯಾರಾದದ್ದು. ಅದರಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವುದು, ಪ್ರೆಶರ್ ಎಂಬ ಮಾತೇ ಇರಲಿಲ್ಲ. ನಿನ್ನ ಗೆಳೆಯನ ಹೊಸ ಇಂಟರ್‌ಸೆಪ್ಟರ್ 650ರಲ್ಲಿ ಬೋಟಿನ ಹಾಗೆ ಶೆಲ್ ಬೇರಿಂಗ್, ಅದಕ್ಕೇ ಕಂಪನಿಯವರು ಪ್ರೆಶರ್ ದೀಪ ಕೊಟ್ಟಿದ್ದಾರೆ. ಓಡುವಾಗ ಆ ದೀಪ ಹತ್ತಿದರೆ ಅಲ್ಲೇ ಎಂಜಿನ್ ನಿಲ್ಲಿಸಲು ಅವನಿಗೆ ಹೇಳು. ಎಂಜಿನ್ ಯಾವ ಕುಲದ್ದು ಎಂದು ನೋಡದೆ ಗೇಜಿನ ಮಾತು ಆಡಲಿಕ್ಕೆ ಬರುವುದಿಲ್ಲ.

ಇಷ್ಟಾದ ಮೇಲೂ ಮನಸ್ಸು ಕೇಳದಿದ್ದರೆ ಹಾಕು, ನಾನು ಸಿಟ್ಟಾಗುವುದಿಲ್ಲ. ತಾಮ್ರದ ಪೈಪು ಮಾತ್ರ ಬೇಡ. ಸ್ಟೀಲ್ ಹೆಣಿಗೆಯ ಮೆದು ಹೋಸ್ ಹಾಕಿ, ಒಂದು ಸುತ್ತು ಸಡಿಲ ಬಿಟ್ಟು, ಸೈಲೆನ್ಸರಿಗೆ ತಾಗದ ಹಾಗೆ ಕಟ್ಟು. ಸೆನ್ಸಾರ್ ಇರುವ ಗೇಜಾದರೆ ಅದರ ವೈರಿನ ತುದಿಗಳನ್ನು ನಮ್ಮ ಕಡಲಿನ ಉಪ್ಪುಗಾಳಿ ತಿಂದು ಮುಳ್ಳು ಸುಳ್ಳು ಹೇಳಲು ಶುರುಮಾಡುತ್ತದೆ, ತಿಂಗಳಿಗೊಮ್ಮೆ ಗ್ರೀಸ್ ಸವರು. ಮೊದಲ ತಿಂಗಳು ಮುಳ್ಳು ಎಲ್ಲಿ ನಿಂತಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡು: ಅದೇ ಆಯಿಲ್, ಅರಬೈಲಿನ ಅದೇ ಚಾದ ಅಂಗಡಿಯ ಎದುರು, ಎಂಜಿನ್ ಬಿಸಿಯಿರುವಾಗ. ಬೇರೆಯವರ ಗಾಡಿಯ ಲೆಕ್ಕ ನಿನಗೆ ಬೇಡ. ನಿನ್ನ ಪುಸ್ತಕದ ಲೆಕ್ಕಕ್ಕಿಂತ ಮುಳ್ಳು ಇಳಿಯುತ್ತ ಬಂದರೆ ಗಾಡಿ ತೆಗೆದುಕೊಂಡು ಕಾರವಾರಕ್ಕೆ ಬಾ. ಪುಸ್ತಕವನ್ನೂ ತಾ.