ಕುಂಕುಮದ ಭರಣಿಯಷ್ಟು ಕಲ್ಲು

ಪುಟ್ಟೀ, ನ್ಯೂಯಾರ್ಕಿಗೆ ಬಂದು ವರ್ಷವಾಯಿತು, ಲ್ಯಾಬಿನಲ್ಲಿ ದುಡಿದದ್ದಕ್ಕೆ ತೋರಿಸಲು ಒಂದು ಹಾಳೆಯೂ ಇಲ್ಲ ಅಜ್ಜಾ ಎಂದು ಮೊನ್ನೆ ಫೋನಿನಲ್ಲಿ ಕಣ್ಣೀರಿಟ್ಟೆ. ಆಗ ನನಗೆ ಮಾತು ಹೊರಡಲಿಲ್ಲ. ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ, ನಿನ್ನ ಊರಲ್ಲೇ ಇರುವ ಒಂದು ಡಬ್ಬಿ ನೆನಪಾಯಿತು.

ಹಿಂದೆ ನಿಮ್ಮಪ್ಪ ನನ್ನನ್ನು ಅಲ್ಲಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದ. ಹೀಬರ್ ಬಿಷಪ್ ಎಂಬ ಸಾಹುಕಾರ 1902ರಲ್ಲಿ ಜೇಡ್ ಎಂಬ ಕಲ್ಲಿನ ಸಾವಿರಕ್ಕೂ ಮಿಕ್ಕಿದ ವಸ್ತುಗಳನ್ನು ಕೊಟ್ಟದ್ದು ಆ ಮ್ಯೂಸಿಯಮ್ಮಿಗೇ. ಗಾಜಿನೊಳಗೆ ಚೀನಾದ ಪುಟ್ಟ ಜೇಡ್ ಡಬ್ಬಿಯೊಂದಿತ್ತು. ನಿಮ್ಮಜ್ಜಿಯ ಕುಂಕುಮದ ಭರಣಿಯಷ್ಟೇ ಗಾತ್ರ, ಗಂಜಿತಿಳಿಯ ಬಣ್ಣ. ಇಂಗಳೀಕವನ್ನು ಹರಳೆಣ್ಣೆಯಲ್ಲಿ ಕಲಸಿ, ಮುದ್ರೆ ಒತ್ತಲು ಬಳಸುತ್ತಿದ್ದ ಕೆಂಪನ್ನು ಇಂಥವುಗಳಲ್ಲಿ ಇಡುತ್ತಿದ್ದರು. ಕೆಲವರು ಧೂಪದ ಪುಡಿ ಇಡುತ್ತಿದ್ದರು.

ಮುಚ್ಚಳದ ಹೂವಿನ ಎಸಳು ನೋಡಿ, ಎಂಥ ಉಳಿಯಪ್ಪಾ ಇದು ಎಂದುಕೊಂಡೆ. ಆಮೇಲೆ ಓದಿ ತಿಳಿಯಿತು, ಅದಕ್ಕೆ ಉಳಿ ತಾಗಿಯೇ ಇಲ್ಲ. ಈ ಕಲ್ಲಿನ ಮೇಲೆ ಉಕ್ಕಿನ ಚಾಕು ಎಳೆದರೂ ಗೀರು ಬೀಳದು. ಒಳಗಿನ ಸೂಕ್ಷ್ಮ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಸುತ್ತಿಗೆಗೂ ಸುಲಭವಾಗಿ ಜಗ್ಗದು. ಹಾಗಾಗಿ ತೇಯಬೇಕು. ಆಗಿನ ಕೆಲಸಗಾರ ಕಾಲಲ್ಲಿ ಮೆಟ್ಟು ತುಳಿಯುತ್ತಿದ್ದ, ಕಬ್ಬಿಣದ ಬಿಲ್ಲೆ ತಿರುಗುತ್ತಿತ್ತು, ಅದಕ್ಕೆ ಒದ್ದೆ ಮರಳು ಸವರುತ್ತಿದ್ದ. ಕಲ್ಲನ್ನು ತಿನ್ನುತ್ತಿದ್ದದ್ದು ಆ ಮರಳು. ಹೊಟ್ಟೆ ಟೊಳ್ಳು ಮಾಡಲು ಕೊಳವೆಯಂಥ ಬೈರಿಗೆಯನ್ನು ಮರಳಿನೊಂದಿಗೆ ಇಳಿಸಿ, ನಡುವೆ ಉಳಿದ ಕಲ್ಲಿನ ಕಂಬವನ್ನು ಮುರಿದು ತೆಗೆಯಬೇಕಿತ್ತು. ದೇವರಿಗೆ ಗಂಧ ತೇಯುವಾಗ ಎರಡು ಸುತ್ತಿಗೇ ಬಣ್ಣ ಬಿಡುತ್ತದೆ. ಅಲ್ಲಿ ಇಡೀ ದಿನ ತುಳಿದರೂ ಸಂಜೆ ಕಣ್ಣಿಗೆ ಕಾಣುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ.

ಆ ಮನುಷ್ಯ ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನು ತೋರಿಸುತ್ತಿದ್ದ ಹೇಳು? ಅವನ ಹೆಸರೂ ಅಲ್ಲಿರಲಿಲ್ಲ. ಇಂಥ ಡಬ್ಬಿಗಳ ತಳದಲ್ಲಿ ಹೆಸರೇನಾದರೂ ಇದ್ದರೆ ಬಹುಮಟ್ಟಿಗೆ ಅದು ಚಕ್ರವರ್ತಿಯದು. ಚಿಯೆನ್‌ಲುಂಗ್ ಚಕ್ರವರ್ತಿ 1759ರಲ್ಲಿ ಪಶ್ಚಿಮದ ಸೀಮೆಯನ್ನು ಗೆದ್ದ ಮೇಲೆ ಅಲ್ಲಿನ ಖೋತಾನಿನ ಹೊಳೆಗಳ ಜೇಡ್ ಬೀಜಿಂಗಿಗೆ ಧಾರಾಳವಾಗಿ ಬರತೊಡಗಿತು.

ಇನ್ನೊಂದು ಮಾತು ಮಗಳೇ, ಇದನ್ನು ಗಟ್ಟಿಯಾಗಿ ಹಿಡಿದುಕೋ. ಹೊಳೆಯ ಜೇಡಿಗೆ ಎಷ್ಟೋ ಸಲ ಕಂದು ಸಿಪ್ಪೆ ಇರುತ್ತದೆ. ಜಾಣ ಕೆಲಸಗಾರ ಅದನ್ನೆಲ್ಲ ತೇಯ್ದು ಬಿಸಾಡುವುದಿಲ್ಲ. ಕಂದು ಬಿದ್ದ ಕಡೆಯೇ ಒಂದು ಹಣ್ಣು, ಒಂದು ಬಾವಲಿ ಮೂಡಿಸುತ್ತಾನೆ. ಅದಕ್ಕೆ ಮೊದಲು ಕಲ್ಲನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ, ಏಕೆಂದರೆ ತೇಯ್ದು ಹೋದದ್ದು ಮರಳಿ ಬರದು. ಕೆಟ್ಟುಹೋದವು ಎನ್ನುವ ನಿನ್ನ ಪ್ರಯೋಗಗಳ ಪುಸ್ತಕವನ್ನು ಹರಿದು ಹಾಕಬೇಡ. ಬದಿಗಿಡು, ಆಗಾಗ ತೆಗೆದು ನೋಡು.

ಈ ಶನಿವಾರ ಮ್ಯೂಸಿಯಮ್ಮಿಗೆ ಹೋಗು. ಎಲ್ಲ ಕೋಣೆ ಸುತ್ತಬೇಡ. ಜೇಡ್ ಇಟ್ಟಿರುವಲ್ಲಿ ಒಂದು ಡಬ್ಬಿಯ ಮುಂದೆ ಅರ್ಧ ಗಂಟೆ ನಿಲ್ಲು, ಮುಚ್ಚಳ ಡಬ್ಬಿಗೆ ಕೂರುವ ಅಂಚನ್ನು ನೋಡು. ಮನೆಗೆ ಬಂದ ಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.