ಸೊಂಟದ ರಿವಾಲ್ವರ್: ಪರವಾನಗಿಗೆ ಮೊದಲು, ಪರವಾನಗಿಯ ನಂತರ

ರಾತ್ರಿ ಗಲ್ಲಾಪೆಟ್ಟಿಗೆಯ ಹಣ ಹಿಡಿದು ಮನೆಗೆ ಹೋಗುವಾಗ ಸೊಂಟದಲ್ಲೊಂದು ರಿವಾಲ್ವರ್ ಇಟ್ಟುಕೊಳ್ಳಬಹುದೇ? ಮಂಗಳೂರಿನ ಬೈಕಂಪಾಡಿಯಂಥ ಕಡೆ ಈ ಪ್ರಶ್ನೆ ಏಳುವುದು ಸಹಜ. ಇಲ್ಲಿ ಕೈಗಾರಿಕಾ ಪ್ರದೇಶದ ಸಣ್ಣ ಉದ್ದಿಮೆಗಳಿವೆ, ಎಪಿಎಂಸಿ ಯಾರ್ಡಿನ ವ್ಯಾಪಾರವಿದೆ, ಹೆದ್ದಾರಿ 66ರ ಬದಿಯ ಬಂಕ್‌ಗಳಿವೆ. ಸಂಜೆ ಏಳರ ನಂತರ ಒಳರಸ್ತೆಗಳಲ್ಲಿ ಲಾರಿಗಳನ್ನು ಬಿಟ್ಟರೆ ಜನ ಕಡಿಮೆ. ಕಾನೂನು ಇದಕ್ಕೊಂದು ದಾರಿ ಇಟ್ಟಿದೆ. ಆದರೆ ಆ ದಾರಿಯಲ್ಲಿ ಪರವಾನಗಿ ಪಡೆಯುವುದು ಸುಲಭದ ಭಾಗ, ಪಡೆದ ಮೇಲೆ ವರ್ಷವಿಡೀ ಅಭ್ಯಾಸ ಬಿಡದೆ ಇರುವುದೇ ಕಷ್ಟದ ಭಾಗ. ತಿಂಗಳಿಗೊಮ್ಮೆಯಾದರೂ ಅಭ್ಯಾಸಕ್ಕೆ ಸಮಯ ಕೊಡಲು ಆಗದವರು ಕೈಬಂದೂಕು ಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮ ಜಿಲ್ಲೆಗೆ ಕೋವಿ ಹೊಸತಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳು ತಲೆಮಾರುಗಳಿಂದ ಇವೆ. ಹಂದಿ, ಮಂಗಗಳನ್ನು ಬೆದರಿಸುವ ಆ ಕೋವಿಯ ಅನುಭವ ಕೈಬಂದೂಕಿಗೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಉದ್ದ ನಳಿಗೆ ಎತ್ತ ತಿರುಗಿದೆ ಎಂದು ಪಕ್ಕದವರಿಗೂ ಕಾಣುತ್ತದೆ. ರಿವಾಲ್ವರಿನ ನಳಿಗೆ ಗಿಡ್ಡ. ಮಣಿಕಟ್ಟು ತುಸು ತಿರುಗಿದರೂ ಅದು ನಿಮ್ಮ ತೊಡೆಗೋ ಪಕ್ಕದ ಕುರ್ಚಿಯಲ್ಲಿರುವವರಿಗೋ ಗುರಿಯಾಗಿರುತ್ತದೆ.

2021ರ ಅಕ್ಟೋಬರ್‌ನಲ್ಲಿ ಮಂಗಳೂರು ನಗರದಲ್ಲೇ ನಡೆದದ್ದನ್ನು ಓದುಗರು ಮರೆತಿರಲಾರರು. ಬಾಕಿ ಸಂಬಳ ಕೇಳಲು ಬಂದ ಕೆಲಸಗಾರರ ಜೊತೆ ಮಾತಿಗೆ ಮಾತು ಬೆಳೆದಾಗ ಉದ್ಯಮಿಯೊಬ್ಬರು ಹಾರಿಸಿದ ಗುಂಡು ಅವರ ಹದಿಹರೆಯದ ಮಗನಿಗೇ ತಗುಲಿತು. ಹುಡುಗ ಬದುಕಲಿಲ್ಲ. ಅಲ್ಲಿ ದರೋಡೆಕೋರರು ಯಾರೂ ಇರಲಿಲ್ಲ, ಇದ್ದದ್ದು ಸಿಟ್ಟು ಮತ್ತು ಕೈಗೆ ಎಟಕುವ ಬಂದೂಕು. ಮುಂದಿನ ಪ್ರತಿಯೊಂದು ಹೆಜ್ಜೆಯನ್ನೂ ಆ ಮಗುವನ್ನು ನೆನಪಿಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಅಗತ್ಯವನ್ನು ಅಳೆಯಿರಿ

ಶಸ್ತ್ರಾಸ್ತ್ರ ನಿಯಮಗಳು, 2016ರ ಪ್ರಕಾರ ವ್ಯಾಪಾರ ಅಥವಾ ವೃತ್ತಿಯ ಸ್ವರೂಪದಿಂದ ಪ್ರಾಣಕ್ಕೋ ಆಸ್ತಿಗೋ ನಿಜವಾದ ರಕ್ಷಣೆ ಬೇಕಿರುವವರ ಅರ್ಜಿಯನ್ನು ಪರಿಗಣಿಸಬಹುದು. ಭಯವಾಗುತ್ತದೆ ಎಂದು ಬರೆದರೆ ಸಾಲದು. ಬೆದರಿಕೆ ಬಂದಿದ್ದರೆ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ, ನಗದು ವ್ಯವಹಾರದ ದಾಖಲೆ, ತೆರಿಗೆ ವಿವರಗಳು ಜೊತೆಗಿರಲಿ.

ಅದಕ್ಕೂ ಮೊದಲು ನಗದನ್ನೇ ಕಡಿಮೆ ಮಾಡಲು ಸಾಧ್ಯವೇ ನೋಡಿ. ವಸೂಲಿಯನ್ನು ಯುಪಿಐಗೆ ಬದಲಿಸುವುದು, ಹಣ ಸಾಗಿಸುವ ಏಜೆನ್ಸಿಗೆ ಒಪ್ಪಿಸುವುದು, ಸಂಜೆಯ ಬದಲು ಮಧ್ಯಾಹ್ನವೇ ಬ್ಯಾಂಕಿಗೆ ಕಟ್ಟುವುದು, ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋಗದಿರುವುದು: ಇಷ್ಟು ಮಾಡಿದ ಮೇಲೆ ಅನೇಕರಿಗೆ ರಿವಾಲ್ವರಿನ ಅಗತ್ಯವೇ ಉಳಿಯುವುದಿಲ್ಲ. ಮನೆಯಲ್ಲಿ ಕುಡಿತದ ಸಮಸ್ಯೆ, ಖಿನ್ನತೆ, ಹೊಡೆದಾಟದ ವಾತಾವರಣ ಇದ್ದರೆ ಬಂದೂಕಿನ ವಿಚಾರವನ್ನೇ ಕೈಬಿಡಿ. ಇದರಲ್ಲಿ ರಾಜಿ ಇಲ್ಲ.

ಅರ್ಜಿ

ಮಂಗಳೂರು ನಗರ ಪೊಲೀಸ್ ಕಮಿಷನರೇಟ್ 2010ರಿಂದ ಇರುವುದರಿಂದ ಬೈಕಂಪಾಡಿಯವರಿಗೆ ಪರವಾನಗಿ ಪ್ರಾಧಿಕಾರ ಪಾಂಡೇಶ್ವರದಲ್ಲಿರುವ ಪೊಲೀಸ್ ಕಮಿಷನರ್ ಕಚೇರಿ. ಕಮಿಷನರೇಟ್ ವ್ಯಾಪ್ತಿಯ ಹೊರಗಿನವರಿಗೆ ಜಿಲ್ಲಾಧಿಕಾರಿ. ಅರ್ಜಿ ಎ-1 ನಮೂನೆಯಲ್ಲಿ. ವಯಸ್ಸು 21 ತುಂಬಿರಬೇಕು. ವಿಳಾಸದ ದಾಖಲೆ, ಫೋಟೋ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ ಬೇಕು. ಪಣಂಬೂರು ಠಾಣೆಯಿಂದ ವಿಚಾರಣೆಗೆ ಬರುತ್ತಾರೆ. ಪೊಲೀಸ್ ವರದಿಗೆ ನಿಯಮ ಕೊಟ್ಟಿರುವ ಅವಧಿ 30 ದಿನ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು.

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿ ಪುಸ್ತಕ ಕೈಗೆ ಬಂದಾಗ ಎರಡು ಸಾಲುಗಳನ್ನು ಮೊದಲು ಓದಿ: ಎಷ್ಟು ಗುಂಡು ಕೊಳ್ಳಬಹುದು, ಯಾವ ಪ್ರದೇಶಕ್ಕೆ ಪರವಾನಗಿ ಅನ್ವಯ. ಎರಡನೆಯದನ್ನು ನಮ್ಮ ಕಡೆಯವರು ಕಡೆಗಣಿಸುವಂತೆಯೇ ಇಲ್ಲ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಪರವಾನಗಿ ಹಿಡಿದು ತಲಪಾಡಿ ದಾಟಿ ಮಂಜೇಶ್ವರದ ನೆಂಟರ ಮನೆಗೆ ಹೋದರೆ, ಆ ಕ್ಷಣಕ್ಕೆ ನಿಮ್ಮ ಸೊಂಟದಲ್ಲಿರುವುದು ಅಕ್ರಮ ಆಯುಧ.

ಯಾವುದನ್ನು ಕೊಳ್ಳಬೇಕು

ಸಿನಿಮಾದಲ್ಲಿ ಕಾಣುವ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್. ವಿದೇಶಿ ಬಂದೂಕುಗಳ ಆಮದೂ ದಶಕಗಳಿಂದ ಮುಚ್ಚಿದೆ. ಹಾಗಾಗಿ ಆಯ್ಕೆ ಹೆಚ್ಚಾಗಿ .32 ಬೋರಿನ ದೇಶೀ ರಿವಾಲ್ವರ್ ಅಥವಾ ಪಿಸ್ತೂಲು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಪರಿಚಿತ ಹೆಸರು. 2014ರಲ್ಲಿ ಬಂದ 'ನಿರ್ಭೀಕ್' ಹಗುರ, ಸುಮಾರು ಅರ್ಧ ಕಿಲೋ. 2023ರಲ್ಲಿ 'ಪ್ರಬಲ್' ಬಂತು. ಪಿಸ್ತೂಲಿನಲ್ಲಿ 'ಅಶನಿ' ಇದೆ.

ಮೊದಲ ಬಾರಿ ಕೊಳ್ಳುವವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ. ಆರು ಗುಂಡುಗಳ ಉರುಳೆಯನ್ನು ತೆರೆದರೆ ಒಳಗೆ ಏನಿದೆ ಎಂದು ಕಣ್ಣಿಗೇ ಕಾಣುತ್ತದೆ. ಒಂದು ಗುಂಡು ಸಿಡಿಯದಿದ್ದರೆ ಕುದುರೆಯನ್ನು (ಟ್ರಿಗರ್) ಮತ್ತೆ ಎಳೆದರೆ ಮುಂದಿನದು ಬರುತ್ತದೆ. ಸುತ್ತಿಗೆಯನ್ನು ಹಿಂದಕ್ಕೆ ಎಳೆಯದೆ ನೇರವಾಗಿ ಹಾರಿಸುವಾಗ ಕುದುರೆ ಗಟ್ಟಿ, ಅದನ್ನು ಎಳೆಯಲು ಬೆರಳಿಗೆ ನಿಜವಾದ ಶ್ರಮ ಬೇಕು. ಆ ಗಟ್ಟಿತನವೇ ಅನೇಕ ಅವಘಡಗಳನ್ನು ತಡೆಯುತ್ತದೆ.

ಪಿಸ್ತೂಲು ಚಪ್ಪಟೆ, ಅಂಗಿಯೊಳಗೆ ಚೆನ್ನಾಗಿ ಅಡಗುತ್ತದೆ, ಮ್ಯಾಗಜೀನ್ ಬದಲಿಸುವುದೂ ಬೇಗ. ಆದರೆ ಮ್ಯಾಗಜೀನ್ ಹೊರಗೆ ತೆಗೆದ ಮೇಲೂ ನಳಿಗೆಯ ಬುಡದ ಕೋಣೆಯಲ್ಲಿ ಒಂದು ಗುಂಡು ಕೂತಿರಬಹುದು. ಬಂದೂಕು ಖಾಲಿ ಎಂದುಕೊಂಡು ಒರೆಸಲು ಕೂತವರ ಕೈಯಲ್ಲಿ ಸಿಡಿಯುವುದು ಆ ಗುಂಡೇ. ಖಾಲಿ ಮಾಡುವ ಕ್ರಮ ಹೀಗಿರಬೇಕು: ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಕುದುರೆಯಿಂದ ದೂರ, ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಪೂರ್ತಿ ಹಿಂದಕ್ಕೆ, ಕೋಣೆಯೊಳಗೆ ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿ ನೋಡಿ. ಕ್ರಮ ತಿರುಗಿಸಿ ಮೊದಲು ಸ್ಲೈಡ್ ಎಳೆದರೆ, ಮ್ಯಾಗಜೀನ್‌ನಿಂದ ಹೊಸ ಗುಂಡು ಕೋಣೆಗೆ ಏರುತ್ತದೆ.

ಇನ್ನೊಂದು ಮಾತು. ರಿವಾಲ್ವರಿನ .32 ಗುಂಡು ಬೇರೆ, ಪಿಸ್ತೂಲಿನ .32 ಗುಂಡು ಬೇರೆ. ಡಬ್ಬಿಯ ಮೇಲೆ ಬರೆದದ್ದನ್ನು ಅಂಗಡಿಯಲ್ಲೇ ಓದಿ ಕೊಳ್ಳಿ.

ಅಂಗಡಿಯಲ್ಲಿ ಬಂದೂಕನ್ನು ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಹಿಡಿಯಲ್ಲಿ ಅಂಗೈ ಪೂರ್ತಿ ಕೂರಬೇಕು, ತೋರುಬೆರಳಿನ ಮೊದಲ ಗೆಣ್ಣಿನ ಮುಂಭಾಗ ಕುದುರೆಗೆ ನೇರವಾಗಿ ತಾಗಬೇಕು, ಕುದುರೆ ಎಳೆಯುವಾಗ ನಳಿಗೆ ಅಲುಗಬಾರದು. ಹಗುರವಾದದ್ದು ಹೊರಲು ಹಿತ, ಆದರೆ ಹಾರಿಸಿದಾಗ ಒದೆತ ಜಾಸ್ತಿ. ಹಳೆಯದನ್ನು ಕೊಳ್ಳುವುದಾದರೆ ಪರವಾನಗಿ ಇರುವ ಡೀಲರ್ ಮೂಲಕ, ಪ್ರಾಧಿಕಾರದ ದಾಖಲೆಯೊಂದಿಗೆ ಮಾತ್ರ. ಕೊಂಡ ಮೇಲೆ ಬಂದೂಕಿನ ಸಂಖ್ಯೆ ಪರವಾನಗಿ ಪುಸ್ತಕದಲ್ಲಿ ನಮೂದಾಗಬೇಕು.

ತರಬೇತಿ

ಪೊಲೀಸ್ ಇಲಾಖೆಯ ಸಶಸ್ತ್ರ ಮೀಸಲು ಪಡೆಗಳು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತವೆ. ಮುಂದಿನ ಶಿಬಿರ ಯಾವಾಗ ಎಂದು ಠಾಣೆಯಲ್ಲೋ ಕಮಿಷನರ್ ಕಚೇರಿಯಲ್ಲೋ ವಿಚಾರಿಸಿ. ಅಲ್ಲಿ ಕಲಿಸುವುದು ಹೆಚ್ಚಾಗಿ ರೈಫಲ್. ಆದರೂ ಶಿಸ್ತು ಅದೇ. ನಿಯಮದ ಪ್ರಕಾರ ಸುರಕ್ಷತಾ ತರಬೇತಿಯಲ್ಲಿ ಬಂದೂಕು ಹಿಡಿಯುವ, ಸಾಗಿಸುವ, ಇಡುವ ವಿಧಾನಗಳೂ ಕಾನೂನಿನ ಪಾಠವೂ ಇರಬೇಕು. ಪ್ರಮಾಣಪತ್ರಕ್ಕಾಗಿ ಮಾತ್ರ ಹೋಗಿ ಬರಬೇಡಿ.

ನಾಲ್ಕು ಸೂತ್ರಗಳು ಯೋಚನೆ ಮಾಡದೆಯೂ ನಡೆಯುವಷ್ಟು ಮೈಗೂಡಬೇಕು. ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಿರಿ. ಹೊಡೆಯಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡಿ. ಗುರಿ ನಿರ್ಧಾರವಾಗುವ ತನಕ ಬೆರಳು ಕುದುರೆಯ ಹೊರಗೆ, ಚೌಕಟ್ಟಿನ ಮೇಲೆ ನೀಟಾಗಿರಲಿ. ಗುರಿಯ ಹಿಂದೆ ಏನಿದೆ ಎಂದು ನೋಡಿ. ನಾಲ್ಕನೆಯದು ಬೈಕಂಪಾಡಿಗೆ ವಿಶೇಷವಾಗಿ ಅನ್ವಯ. ಟ್ಯಾಂಕರ್‌ಗಳು ಸಾಲುಗಟ್ಟಿ ನಿಲ್ಲುವ, ಶೀಟಿನ ಗೋಡೆಯಾಚೆ ರಾತ್ರಿ ಪಾಳಿಯವರು ದುಡಿಯುವ ಜಾಗದಲ್ಲಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ.

ಗುಂಡು ದುಬಾರಿ, ಪರವಾನಗಿಯಲ್ಲಿ ಬರೆದ ಸಂಖ್ಯೆಗೆ ಮಿತಿ ಇದೆ. ಅದಕ್ಕೆ ಎರಡು ಪರಿಹಾರ. ಒಂದು, ಶೂಟಿಂಗ್ ಕ್ಲಬ್ಬಿನಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲು. ಕುದುರೆಯನ್ನು ಅಲುಗದೆ ಎಳೆಯುವ, ಕಣ್ಣು ಮಿಟುಕಿಸದೆ ಗುರಿ ನೋಡುವ ಪಾಠಕ್ಕೆ ಅದಕ್ಕಿಂತ ಅಗ್ಗದ ಶಾಲೆ ಇಲ್ಲ. ಎರಡು, ಮನೆಯಲ್ಲಿ ಖಾಲಿ ಬಂದೂಕಿನ ಅಭ್ಯಾಸ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ ಬೀಗದೊಳಗೆ, ಬಂದೂಕು ಎರಡು ಬಾರಿ ಪರಿಶೀಲಿಸಿದ್ದು, ನಳಿಗೆ ದಪ್ಪ ಕಲ್ಲಿನ ಗೋಡೆಗೆ, ಮನೆಯವರು ಯಾರೂ ಆ ಕಡೆ ಇಲ್ಲ. ಕುದುರೆ ಎಳೆದಾಗ ಮುಂದಿನ ಗುರಿಕಡ್ಡಿ ಸ್ವಲ್ಪವೂ ಕದಲಬಾರದು. ಹತ್ತು ನಿಮಿಷ ಸಾಕು. ಮುಗಿದ ಕೂಡಲೇ ಒಳಗಿಡಿ. 'ಇನ್ನೊಂದು ಸಲ' ಎಂಬ ಆಸೆಯೇ ಅಪಾಯ.

ಹೋಲ್ಸ್ಟರ್‌ನಿಂದ ಬಂದೂಕು ಎಳೆದು ತೆಗೆಯುವ ಅಭ್ಯಾಸವನ್ನು ತರಬೇತುದಾರರ ಎದುರಲ್ಲದೆ, ಯೂಟ್ಯೂಬ್ ನೋಡಿ ಮಾಡಬೇಡಿ. ಮೊದಲು ನಿಧಾನ, ತಿಂಗಳುಗಟ್ಟಲೆ ನಿಧಾನ.

ಹೊರುವುದು ಹೇಗೆ

ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್ಸ್ಟರ್‌ನಲ್ಲಿ, ಪೂರ್ತಿ ಮುಚ್ಚಿರಬೇಕು. ತೋರಿಸಿ ಹೆದರಿಸುವುದು ನಿಷಿದ್ಧ. ಹೋಲ್ಸ್ಟರ್ ಗಟ್ಟಿಯಾಗಿರಬೇಕು, ಕುದುರೆಯ ಭಾಗವನ್ನು ಪೂರ್ತಿ ಮುಚ್ಚಬೇಕು, ಬಂದೂಕು ಹೊರಗೆ ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ದಪ್ಪ ಬೆಲ್ಟ್ ಬೇಕು. ಪಂಚೆ ಉಡುವವರು ಒಳಗೆ ಬೆಲ್ಟಿಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅನಾಹುತಕ್ಕೆ ಆಹ್ವಾನ. ಪ್ಯಾಂಟಿನ ಜೇಬು, ಸ್ಕೂಟರಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಆಫೀಸಿನ ಮೇಜಿನ ಖಾನೆ, ಇವು ಬಂದೂಕಿನ ಜಾಗಗಳಲ್ಲ. ಮೇಜಿನ ಖಾನೆಯಲ್ಲಿದ್ದರೆ ಜಗಳದ ಹೊತ್ತಿಗೆ ಕೈ ಅಲ್ಲಿಗೇ ಹೋಗುತ್ತದೆ.

ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಮಾರಂಭ, ಶಾಲಾ-ಕಾಲೇಜು ಆವರಣಗಳಿಗೆ ಒಯ್ಯುವಂತಿಲ್ಲ. ಊರಿನ ಕೋಲ, ರಥೋತ್ಸವ, ಮಗಳ ಕಾಲೇಜಿನ ವಾರ್ಷಿಕೋತ್ಸವ ಎಲ್ಲವೂ ಇದರಲ್ಲಿ ಬರುತ್ತವೆ. ಮದುವೆಯಲ್ಲಿ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬಂದರಿನ ಒಳಗೆ ಕೆಲಸವಿದ್ದ ದಿನ ಬಂದೂಕನ್ನು ಮನೆಯಲ್ಲೇ ಬೀಗ ಹಾಕಿ ಬನ್ನಿ. ಒಂದು ಗುಟುಕು ಕುಡಿಯುವ ಯೋಚನೆಯಿದ್ದ ದಿನವೂ ಅಷ್ಟೇ.

ಕರಾವಳಿಯ ಬೆವರು ಮತ್ತು ಉಪ್ಪುಗಾಳಿ ಉಕ್ಕಿನ ಶತ್ರುಗಳು. ಬೇಸಗೆಯಲ್ಲಿ ದಿನವೂ ಒಣಬಟ್ಟೆಯಿಂದ ಒರೆಸಿ ತೆಳ್ಳಗೆ ಬಂದೂಕಿನ ಎಣ್ಣೆ ಹಚ್ಚಿ. ಚರ್ಮದ ಹೋಲ್ಸ್ಟರ್ ನೀರು ಹೀರಿಕೊಳ್ಳುವುದರಿಂದ ರಾತ್ರಿ ಅದರೊಳಗೆ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇರಲಿ. ದಿನವೂ ಹೊತ್ತು ತಿರುಗಿದ ಗುಂಡುಗಳನ್ನು ಅಭ್ಯಾಸದಲ್ಲಿ ಮುಗಿಸಿ, ಹೊಸದನ್ನು ಹಾಕಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ ಬೇಕೇ ಬೇಕು. ಕೀಲಿಕೈ ಇರುವ ಜಾಗ ಮಕ್ಕಳಿಗೆ ಗೊತ್ತಿಲ್ಲ ಎಂದು ನಂಬಬೇಡಿ.

ಯಾವಾಗ ಹಾರಿಸಬಹುದು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕಿಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸಾವು ಅಥವಾ ತೀವ್ರ ಗಾಯದ ನಿಜವಾದ ಭಯದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಪ್ರಾಣ ತೆಗೆಯುವ ಮಟ್ಟಕ್ಕೆ ಆ ಹಕ್ಕು ಹೋಗುತ್ತದೆ. ದರೋಡೆ, ರಾತ್ರಿಯ ಕನ್ನಗಳವಿನಂಥ ಕೆಲವು ಸಂದರ್ಭಗಳಲ್ಲಿ ಆಸ್ತಿಗೂ ಅದು ಅನ್ವಯ. ಬ್ಯಾಗ್ ಕಸಿದು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಆರೋಪಿ ನೀವೇ ಆಗಬಹುದು.

ಆದ್ದರಿಂದ ಅಭ್ಯಾಸದಲ್ಲಿ ಇದೂ ಇರಲಿ: ಓಡಲು ದಾರಿ ಇದ್ದರೆ ಓಡಿ, ಬ್ಯಾಗ್ ಕೇಳಿದರೆ ಎಸೆದುಬಿಡಿ, ಕೂಗಿ ಜನ ಸೇರಿಸಿ. ಹಾರಿಸಲೇಬೇಕಾಗಿ ಬಂದರೆ, ಅಪಾಯ ಮುಗಿದ ಕ್ಷಣವೇ ನಿಲ್ಲಿಸಿ 112ಕ್ಕೆ ಕರೆ ಮಾಡಿ. ಬಿದ್ದವನಿಗೂ 108 ಕರೆಸಿ. ಸ್ಥಳದ ಯಾವುದನ್ನೂ ಸರಿಸಬೇಡಿ, ಬಂದ ಪೊಲೀಸರಿಗೆ ಬಂದೂಕನ್ನು ಒಪ್ಪಿಸಿ, ವಕೀಲರನ್ನು ಕರೆಸಿ.

ಠೇವಣಿ, ನವೀಕರಣ, ವಾರಸುದಾರರು

ಚುನಾವಣೆ ಘೋಷಣೆಯಾದಾಗ ಬಂದೂಕು ಠೇವಣಿ ಇಡುವ ಆದೇಶ ಬಂದರೆ ಗಡುವಿನೊಳಗೆ ಠಾಣೆಗೋ ಡೀಲರಿಗೋ ಒಪ್ಪಿಸಿ ರಸೀದಿ ಪಡೆಯಿರಿ. ಕೊಡುವ ಮೊದಲು ಎಣ್ಣೆ ಹಚ್ಚಿಡಿ, ವಾರಗಟ್ಟಲೆ ಯಾರೂ ಒರೆಸುವುದಿಲ್ಲ. ನವೀಕರಣದ ದಿನಾಂಕವನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ.

ಪರವಾನಗಿದಾರರು ತೀರಿಕೊಂಡರೆ ಬಂದೂಕು ತಾನಾಗಿಯೇ ಮಗನದ್ದಾಗುವುದಿಲ್ಲ. ಮನೆಯವರು ತಡ ಮಾಡದೆ ಅದನ್ನು ಠಾಣೆಯಲ್ಲೋ ಪರವಾನಗಿ ಇರುವ ಡೀಲರ್ ಬಳಿಯೋ ಠೇವಣಿ ಇಟ್ಟು, ಬೇಕಿದ್ದರೆ ವಾರಸುದಾರರ ಹೆಸರಿನಲ್ಲಿ ಹೊಸ ಅರ್ಜಿ ಹಾಕಬೇಕು. ಬದುಕಿರುವಾಗಲೇ ವರ್ಗಾಯಿಸಲೂ ಅವಕಾಶವಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಬಂದೂಕು 25 ವರ್ಷ ಅವರ ಬಳಿ ಇದ್ದರೆ. ಈ ವಿವರವನ್ನು ಮನೆಯ ಇನ್ನೊಬ್ಬ ಹಿರಿಯರಿಗೆ ಈಗಲೇ ತಿಳಿಸಿಡಿ, ಪರವಾನಗಿ ಪುಸ್ತಕದ ಪ್ರತಿಯನ್ನೂ ಅವರ ಕೈಯಲ್ಲಿಡಿ.