ಅಳಿಯನಿಗೆ: 70ನೇ ಲೆವೆಲ್ ಆದಮೇಲೆ

ಮಾಲ್ಥೇಲ್‌ನನ್ನು ಹೊಡೆದು ಕೆಡವಿ, 70ನೇ ಲೆವೆಲ್ ಮುಟ್ಟಿ, ‘ಡಯಾಬ್ಲೊ 3 ಮುಗೀತು ಮಾಮ’ ಅಂತ ಮೆಸೇಜ್ ಹಾಕಿದ್ದೀಯ. ಸಂತೋಷ ಕಣೋ. ಮುಗಿದದ್ದು ಕಥೆ, ಅಡ್ವೆಂಚರ್ ಮೋಡ್ ಹಾಗೇ ಇದೆ.

ನಿನ್ನ ವಯಸ್ಸಿನವರು ಅಲ್ಲಿಗೆ ಕಾಲಿಟ್ಟ ಕೂಡಲೇ ಗ್ರೇಟರ್ ರಿಫ್ಟ್‌ಗೆ ನುಗ್ಗುತ್ತಾರೆ. 2014ರಲ್ಲಿ ಅದು ಬಂದಾಗಿನಿಂದಲೂ ‘ನಾನು ಎಷ್ಟಕ್ಕೆ ಏರಿದೆ, ನೀನೆಷ್ಟು’ ಎನ್ನುವುದೇ ಮಾತು. ಸ್ವಲ್ಪ ತಡಿ. ಮೊದಲು ಮೂರನೇ ಆಕ್ಟ್‌ನ ಸೆಶೆರಾನ್ ಹಾಳೂರಿಗೆ ಹೋಗಿ ಕನೈ ಕ್ಯೂಬ್ ತಗೊಂಡು ಬಾ. ಆಮೇಲೆ ಬೌಂಟಿಗಳಿಗೆ ಕೂರು. ಬೇಜಾರಿನ ಕೆಲಸ, ಒಪ್ಪಿದೆ. ಐದು ಆಕ್ಟ್, ಒಂದೊಂದರಲ್ಲೂ ಐದೈದು. ಆದರೆ ಪ್ರತಿ ಆಕ್ಟ್‌ಗೂ ಅದರದ್ದೇ ಆದ ಸಾಮಗ್ರಿ ಸಿಗುತ್ತದೆ. ಐದೂ ಬಗೆಯದು ಒಂದೊಂದು, ಜೊತೆಗೆ ಐದು ಡೆತ್ಸ್ ಬ್ರೆತ್ ಇದ್ದರೆ ಒಂದು ಲೆಜೆಂಡರಿಯ ಶಕ್ತಿಯನ್ನು ಕ್ಯೂಬ್‌ನಲ್ಲಿ ಹಿಂಡಿ ತೆಗೆಯಬಹುದು. ವಸ್ತು ಹೋಗುತ್ತದೆ, ಶಕ್ತಿ ಶಾಶ್ವತವಾಗಿ ನಿನ್ನದಾಗುತ್ತದೆ. ಆಯುಧದ್ದೊಂದು, ಕವಚದ್ದೊಂದು, ಒಡವೆಯದ್ದೊಂದು ಹಾಕಿಕೊಳ್ಳದೆ ರಿಫ್ಟ್‌ಗೆ ಹೋಗುವುದು ಕುಡುಗೋಲಿಲ್ಲದೆ ಕೊಯ್ಲಿಗೆ ಇಳಿದಂತೆ.

ಗ್ರೇಟರ್ ರಿಫ್ಟ್‌ನಲ್ಲಿ ನಿನಗಿರುವುದು 15 ನಿಮಿಷ. ದಾರಿಯಲ್ಲಿ ಸತ್ತ ರಾಕ್ಷಸರಿಂದ ಏನೂ ಬೀಳುವುದಿಲ್ಲ, ಬೀಳುವುದೆಲ್ಲ ಸಾಕಷ್ಟು ಕೊಂದ ಮೇಲೆ ಕೊನೆಯಲ್ಲಿ ಬರುವ ಗಾರ್ಡಿಯನ್‌ನಿಂದ. ಹಾಗಾಗಿ ಒಂಟಿ ರಾಕ್ಷಸನ ಬೆನ್ನು ಹತ್ತಬೇಡ. ದೊಡ್ಡ ಗುಂಪು ಸಿಕ್ಕಲ್ಲಿ ನಿಲ್ಲು, ಎಲೀಟ್‌ಗಳನ್ನು ಬಿಡಬೇಡ. ನೀನು ಸತ್ತಷ್ಟೂ ಮತ್ತೆ ಏಳಲು ಕಾಯುವ ಹೊತ್ತು ಬೆಳೆಯುತ್ತದೆ. ಸಾಯದೆ ಮುಗಿಸಿದರೆ ಲೆಜೆಂಡರಿ ಜೆಮ್ ಏರಿಸಲು ಮೂರರ ಬದಲು ನಾಲ್ಕು ಅವಕಾಶ. ಮೊದಲೇ ಚಿನ್ನ ಕೊಟ್ಟು ಎಂಪವರ್ ಮಾಡಿದ್ದರೆ ಇನ್ನೊಂದು. ರಿಫ್ಟ್ ಜೆಮ್‌ಗಿಂತ ಹತ್ತು ಮೆಟ್ಟಿಲು ಮೇಲಿದ್ದರೆ ನೂರಕ್ಕೆ ನೂರು ಏರುತ್ತದೆ, ಸಮನಾಗಿದ್ದರೆ ನೂರಕ್ಕೆ 60 ಮಾತ್ರ.

ರಿಫ್ಟ್‌ನ ಯಾವ ಮೆಟ್ಟಿಲಲ್ಲಿ ಆಡಬೇಕು ಅಂತ ಕೇಳಿದರೆ, ಏದುಸಿರು ಬಿಡುತ್ತಾ ಕೊನೇ ಸೆಕೆಂಡಿಗೆ ಮುಗಿಸುವ 90ಕ್ಕಿಂತ ಐದು ನಿಮಿಷದಲ್ಲಿ ಮುಗಿಯುವ 75 ಮೇಲು ಅಂತೀನಿ. ಅದೇ ಹೊತ್ತಿನಲ್ಲಿ ಮೂರು ಗಾರ್ಡಿಯನ್, ಮೂರು ಸಲದ ಜೆಮ್ ಅವಕಾಶ. ದಾಖಲೆಯ ಹಟ ವಾರಕ್ಕೊಮ್ಮೆ ಸಾಕು. ಏನೇ ಮಾಡಿದರೂ 150ಕ್ಕಿಂತ ಮೇಲೆ ಮೆಟ್ಟಿಲಿಲ್ಲ.

ಬೌಂಟಿಯನ್ನು ಮಾತ್ರ ಒಬ್ಬನೇ ಮಾಡಬೇಡ. ನಾಲ್ಕು ಜನ ಸೇರಿ, ಒಬ್ಬೊಬ್ಬರು ಒಂದೊಂದು ಆಕ್ಟ್ ಹಂಚಿಕೊಳ್ಳಿ. ಯಾರು ಮುಗಿಸಿದರೂ ಎಲ್ಲರ ಲೆಕ್ಕಕ್ಕೂ ಸೇರುತ್ತದೆ. ಮುಗಿದ ಮೇಲೆ ಟೈರೇಲ್ ಹತ್ತಿರ ಹೋಗಿ ಸಾಮಗ್ರಿಯ ಪೆಟ್ಟಿಗೆ ಇಸ್ಕೊಳ್ಳೋದು ಮರೀಬೇಡ. ನಿನ್ನ ಗೆಳೆಯರು ಇಬ್ಬರಿದ್ದರೆ ಹೇಳು, ನಾಲ್ಕನೆಯವನಾಗಿ ನಾನು ಬರ್ತೀನಿ.